ಮೊಣಕಾಲುದ್ದ ನೀರಿನ ಕಾನೂನು

ಜೂನ್ 1 ಬಂತೆಂದರೆ ಮಂಗಳೂರಿನ ದಕ್ಕೆಯಿಂದ ಕಾರವಾರದ ಬೈತಖೋಲದವರೆಗೆ ಬೋಟುಗಳು ಸಾಲಾಗಿ ಹಗ್ಗ ಕಟ್ಟಿಸಿಕೊಂಡು ನಿಲ್ಲುತ್ತವೆ. ಜುಲೈ 31ರ ತನಕ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕರಾವಳಿಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಕಾನೂನು ಇದು. ಬಂಗುಡೆಯ ದರ ಕೇಳಿ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದ ಯಜಮಾನನಿಗಂತೂ ಚೆನ್ನಾಗಿಯೇ ಗೊತ್ತು.

ಇದೇ ಕರಾವಳಿಯ ಅಳಿವೆಗಳಲ್ಲಿ ಇನ್ನೊಂದು ಬೇಟೆ ನಡೆಯುತ್ತದೆ. ಅದಕ್ಕೆ ಬೋಟು ಬೇಡ, ಬಲೆ ಬೇಡ, ಡೀಸೆಲ್ ಬೇಡ. ನೀರು ಇಳಿದ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗೆ ಇಳಿದರೆ, ಮರಳಿನಡಿ ಏನಿದೆ ಎಂದು ಪಾದವೇ ಹೇಳುತ್ತದೆ. ಕೈ ಹಾಕಿ ತೆಗೆದರೆ ಚಿಪ್ಪು. ಉತ್ತರ ಕನ್ನಡದಲ್ಲಿ ಬಳಚು, ತುಳುನಾಡಿನಲ್ಲಿ ಮರುವಾಯಿ. ಬಂಡೆಗೆ ಅಂಟಿಕೊಂಡಿರುವ ಹಸಿರಂಚಿನದಾದರೆ ನೀಲಿಕಲ್ಲು ಅಥವಾ ಪಚ್ಚಿಲೆ. ಇದನ್ನು ಯಾವಾಗ ತೆಗೆಯಬೇಕು, ಎಷ್ಟು ದೊಡ್ಡದನ್ನು ತೆಗೆಯಬೇಕು, ಯಾವ ದಿನ ತೆಗೆದು ತಿಂದರೆ ಜೀವಕ್ಕೆ ಅಪಾಯ ಎಂಬುದನ್ನೆಲ್ಲ ಕಾನೂನು ಮಾಡಿ ಕಾಯುವ ದೇಶಗಳಿವೆ. ನಮ್ಮಲ್ಲಿ ಕಾನೂನಿನ ಕಣ್ಣು ದೋಣಿಯ ಮೇಲಿದೆ. ದೋಣಿಯಿಲ್ಲದೆ ನೀರಿಗಿಳಿದವರು ಅದಕ್ಕೆ ಕಾಣುವುದೇ ಇಲ್ಲ.

ಕಾಣದಿರುವಷ್ಟು ಸಣ್ಣ ವ್ಯವಹಾರವೇನೂ ಇದಲ್ಲ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನೇ ನೋಡಿ. ಮಿರ್ಜಾನ, ದಿವಗಿ, ಮಾಸೂರು, ಹೆಗಡೆ, ತದಡಿ ಹೀಗೆ ಸುತ್ತಲಿನ ಊರುಗಳ ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಪಟಗಾರರು ಇಲ್ಲಿ ಬಳಚು ಹೆಕ್ಕುತ್ತಾರೆ. ಹೆಂಗಸರು ಇಳಿತದ ಹೊತ್ತಿನಲ್ಲಿ ದಡದ ಬದಿಗೆ, ಗಂಡಸರು ಪಾತಿ ದೋಣಿ ನಿಲ್ಲಿಸಿ ನಡುನೀರಿನಲ್ಲಿ ಮುಳುಗು ಹಾಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಳೆದ ದಶಕಕ್ಕೂ ಹಿಂದೆ ಲೆಕ್ಕ ಹಾಕಿದಾಗ, ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪು ಹೊರಬರುತ್ತಿತ್ತು. 2,300ಕ್ಕೂ ಹೆಚ್ಚು ಜನ ಇದನ್ನೇ ನೆಚ್ಚಿಕೊಂಡಿದ್ದರು. ಒಂದಷ್ಟು ಊರಿನ ಸಂತೆಗೆ, ಉಳಿದದ್ದು ಚೀಲಗಳಲ್ಲಿ ತುಂಬಿ ಗೋವಾದ ಕಡೆಗೆ. ತಳದಲ್ಲಿ ಶತಮಾನಗಳಿಂದ ಬಿದ್ದ ಸತ್ತ ಚಿಪ್ಪು ಸುಣ್ಣಕ್ಕೆಂದು ಹೋಗುವುದು ಬೇರೆ ಲೆಕ್ಕ.

1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಹುಟ್ಟಿದ್ದು ಟ್ರಾಲರ್‌ಗಳಿಗೂ ನಾಡದೋಣಿಯವರಿಗೂ ಜಟಾಪಟಿ ನಡೆಯುತ್ತಿದ್ದ ಕಾಲದಲ್ಲಿ. ಕೇರಳದ 1980ರ ಕಾಯ್ದೆಯೂ ಅಂಥದ್ದೇ ಜಗಳದ ಕೂಸು. ಯಾವ ದೋಣಿ ಎಲ್ಲಿ ಹೋಗಬೇಕು, ಯಾವ ಬಲೆ ಬಿಡಬೇಕು, ಲೈಸೆನ್ಸು ಯಾರಿಗೆ ಎಂಬುದರ ಸುತ್ತಲೇ ಅವು ಹೆಣೆದುಕೊಂಡಿವೆ. ಆ ಕಾಲಕ್ಕೆ ಅದು ಸರಿ. ಚಿಪ್ಪಿನ ವಿಷಯಕ್ಕೆ ಬಂದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಮಳೆಗಾಲದಲ್ಲಿ ಅಳಿವೆಗೆ ಸಿಹಿನೀರು ನುಗ್ಗಿ, ಕೆಂಪು ಹೊಳೆ ಸಮುದ್ರದ ಬಾಯಿಯವರೆಗೆ ಹರಿಯುವಾಗ ಬಳಚು ಹೆಕ್ಕುವ ಕೆಲಸ ತಾನಾಗಿಯೇ ನಿಲ್ಲುತ್ತದೆ. ನಿಷೇಧ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಳೆ ಹೋಗಿ ನೀರಿಗೆ ಮತ್ತೆ ಉಪ್ಪು ಏರಿದ ಮೇಲೆ ಚಿಪ್ಪಿನ ಸಂತಾನಕಾಲ. ಆಗ ಯಾವ ನಿಷೇಧವೂ ಇರುವುದಿಲ್ಲ.

ಇದನ್ನು ಸರಿಯಾಗಿ ಗುರುತಿಸಿ ನಿಯಮ ಮಾಡಿದವರು ಕೇರಳದ ಕೊಲ್ಲಂನವರು. ಅಲ್ಲಿನ ಅಷ್ಟಮುಡಿ ಹಿನ್ನೀರಿನಲ್ಲಿ ಹಳದಿ ಕಾಲಿನ ಒಂದು ಮರುವಾಯಿ ಬೆಳೆಯುತ್ತದೆ. ಊರವರ ಬಾಯಲ್ಲಿ ಮಂಜ ಕಕ್ಕ. 1980ರ ದಶಕದಲ್ಲಿ ಹೊರದೇಶದವರಿಗೆ ಇದರ ರುಚಿ ಹತ್ತಿತು. ಅಲ್ಲಿಯವರೆಗೆ ಮನೆಯ ಪಲ್ಯಕ್ಕಿದ್ದದ್ದು ರಾತ್ರಿ ಬೆಳಗಾಗುವುದರಲ್ಲಿ ರಫ್ತಿನ ಸರಕಾಯಿತು. 1991ರಲ್ಲಿ ಹತ್ತು ಸಾವಿರ ಟನ್ ತೆಗೆದರು. ಎರಡೇ ವರ್ಷಕ್ಕೆ ಅದು ಅರ್ಧಕ್ಕೆ ಕುಸಿಯಿತು. ಆಗ ಎಚ್ಚರವಾಯಿತು. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೇಳಿದ ಮಾತಿನ ಮೇಲೆ 1993ರಿಂದ ಒಂದೊಂದೇ ನಿರ್ಬಂಧ ಬಂತು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಚಿಪ್ಪು ಮರಿಯಿಡುವ ಮೂರು ತಿಂಗಳು, ಯಾರೂ ತೆಗೆಯುವಂತಿಲ್ಲ. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಕಿರಿದಾಗಿರಬಾರದು. ಯಂತ್ರ ಹಚ್ಚಿ ತಳ ಗೋರುವಂತಿಲ್ಲ, ಕೈಯಲ್ಲೇ ಗೋರಬೇಕು.

ಇವುಗಳಲ್ಲಿ ನನಗೆ ಅತ್ಯಂತ ಜಾಣತನದ್ದೆಂದು ತೋರುವುದು ನಾಲ್ಕನೆಯದು. ರಫ್ತಿಗೆ ಹೋಗುವ ಮಾಂಸ ಒಂದು ಕಿಲೋಗೆ 1,400ಕ್ಕಿಂತ ಹೆಚ್ಚು ತುಣುಕು ಬರುವಷ್ಟು ಸಣ್ಣದಾಗಿರಬಾರದು. ನೀರಿನಲ್ಲಿ ನಿಂತು ಸಾವಿರಾರು ಜನರ ಕೈಯಲ್ಲಿರುವ ಚಿಪ್ಪನ್ನು ಅಳೆಯಲು ಯಾವ ಇಲಾಖೆಗೆ ಸಾಧ್ಯ? ಅದರ ಬದಲು ಕೊಳ್ಳುವವನ ತಕ್ಕಡಿಯ ಬಳಿ ಕಾನೂನನ್ನು ಕೂರಿಸಿದರು. ಸಣ್ಣದಕ್ಕೆ ಗಿರಾಕಿಯೇ ಇಲ್ಲವೆಂದಾದರೆ ಸಣ್ಣದನ್ನು ಹೆಕ್ಕಿ ಬೆನ್ನು ನೋಯಿಸಿಕೊಳ್ಳುವವರು ಯಾರು? ಪೊಲೀಸರಿಲ್ಲದೆ ನಡೆಯುವ ಕಾನೂನು ಎಂದರೆ ಇಂಥದ್ದು.

ಇದರ ಜೊತೆಗೆ ಇಲಾಖೆ, ವಿಜ್ಞಾನಿಗಳು, ರಫ್ತುದಾರರು, ಹೆಕ್ಕುವವರು ಎಲ್ಲ ಕೂತು ಮಾತಾಡುವ ಆಡಳಿತ ಸಮಿತಿಯೊಂದು ಹುಟ್ಟಿತು. 2014ರ ನವೆಂಬರ್‌ನಲ್ಲಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಸುಸ್ಥಿರ ಮೀನುಗಾರಿಕೆ ಪ್ರಮಾಣಪತ್ರ ಅಷ್ಟಮುಡಿಗೆ ಸಿಕ್ಕಿತು. ಭಾರತದಲ್ಲಿ ಅದನ್ನು ಪಡೆದ ಮೊದಲ ಮೀನುಗಾರಿಕೆ ಟ್ರಾಲರ್‌ನವರದ್ದಲ್ಲ, ಪರ್ಸೀನ್‌ನವರದ್ದಲ್ಲ. ನೀರಿಗಿಳಿದು ಮರುವಾಯಿ ಗೋರುವವರದ್ದು.

ಕತೆ ಅಲ್ಲಿಗೇ ಮುಗಿದಿದ್ದರೆ ಬರೆಯುವವನಿಗೆ ಸುಖ. ಆದರೆ ಕೆಲವೇ ವರ್ಷಗಳಲ್ಲಿ ಅಷ್ಟಮುಡಿಯ ಫಸಲು ಮತ್ತೆ ಬಿತ್ತು, ಈ ಸಲ ಹೆಕ್ಕುವವರ ಅತಿಯಾಸೆಯೊಂದರಿಂದಲೇ ಅಲ್ಲ. ದಕ್ಷಿಣ ಅಮೆರಿಕದ ಕಡೆಯ ಕಪ್ಪು ನೀಲಿಕಲ್ಲೊಂದು ಹಿನ್ನೀರಿನ ತಳ, ಕಂಬ, ಹಗ್ಗ ಎಲ್ಲದರ ಮೇಲೂ ದಟ್ಟವಾಗಿ ಹರಡಿಕೊಂಡಿತು. ಹಡಗಿನ ತಳಕ್ಕೆ ಅಂಟಿಕೊಂಡೋ ಅದರ ಹೊಟ್ಟೆಯ ನೀರಿನಲ್ಲೋ ಬಂದಿರಬೇಕೆಂದು ಊಹೆ. ಊರವರು ಇದಕ್ಕೆ ಆಗಷ್ಟೇ ಓಡುತ್ತಿದ್ದ ಮಲಯಾಳಂ ಸಿನಿಮಾದ ಹೆಸರನ್ನೇ ಇಟ್ಟು ‘ವರತ್ತನ್ ಕಕ್ಕ’ ಎಂದರು, ಅಂದರೆ ವಲಸೆ ಬಂದ ಪರಕೀಯ. ಮಾಲಿನ್ಯ, ಮಳೆಯ ಏರುಪೇರು ಕೂಡ ಸೇರಿಕೊಂಡವು. ಕೊನೆಗೆ 2024ರಲ್ಲಿ ಅದೇ ಸಂಶೋಧನಾ ಸಂಸ್ಥೆ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ 30 ಲಕ್ಷ ಮರಿಚಿಪ್ಪುಗಳನ್ನು ತಂದು ಹಿನ್ನೀರಿಗೆ ಬಿತ್ತಬೇಕಾಯಿತು. ತೆಗೆಯುವ ಕೈಯನ್ನು ಕಾನೂನು ತಡೆಯಬಲ್ಲದು. ಹಡಗಿನ ತಳಕ್ಕೆ ಅಂಟಿಕೊಂಡು ಬಂದದ್ದಕ್ಕೆ ಅದರ ಬಳಿ ಉತ್ತರವಿರಲಿಲ್ಲ.

ಯಂತ್ರ ಬೇಡವೆಂಬ ನಿಯಮ ಅಷ್ಟಮುಡಿಯವರ ಸ್ವಂತ ಆವಿಷ್ಕಾರವೇನಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಫಾಲ್ ಎಂಬ ನದಿಯ ಅಳಿವೆಯಿದೆ. ಅಲ್ಲಿ ಸಿಂಪಿ ತೆಗೆಯುವವರು ಇವತ್ತಿಗೂ ಹಾಯಿದೋಣಿಯಲ್ಲೇ ಹೋಗಬೇಕು, ಇಲ್ಲವೇ ಹುಟ್ಟುಹಾಕಿ ಕೈಯಲ್ಲೇ ಎಳೆಯಬೇಕು. ಎಂಜಿನ್ ಹಚ್ಚಿ ಗೋರಿದರೆ ಅಪರಾಧ. ಹಂಗಾಮು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ಪ್ರತಿ ದೋಣಿಯಲ್ಲೂ 67 ಮಿಲಿಮೀಟರ್ ವ್ಯಾಸದ ಒಂದು ಬಳೆ. ಅದರೊಳಗೆ ತೂರಿಹೋಗುವ ಸಿಂಪಿ ಮತ್ತೆ ನೀರಿಗೇ ಹೋಗಬೇಕು. ಸುತ್ತಲಿನ ಜಗತ್ತೆಲ್ಲ ಕೆಲಸ ಬೇಗ ಮಾಡುವುದು ಹೇಗೆಂದು ತಲೆಕೆಡಿಸಿಕೊಂಡಿರುವಾಗ, ನಿಧಾನವಾಗಿಯೇ ಮಾಡಬೇಕೆಂದು ಕಾನೂನು ಮಾಡಿ ಒಂದೂಕಾಲು ಶತಮಾನಕ್ಕೂ ಮೀರಿ ಅದನ್ನು ಉಳಿಸಿಕೊಂಡವರು. ಗಾಳಿ ಬೀಸದ ದಿನ ಸಿಂಪಿಗೂ ರಜೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಇನ್ನೊಂದು ನಿಯಮವಿದೆ. ಅಲ್ಲಿನ ಮರಳಿನಲ್ಲಿ ಉದ್ದನೆಯ, ಕ್ಷೌರದ ಕತ್ತಿಯಂಥ ಚಿಪ್ಪೊಂದು ಸಿಗುತ್ತದೆ. ಇಳಿತದ ದಿನಗಳಲ್ಲಿ ಸಂಸಾರ ಸಮೇತ ಜನ ಗುದ್ದಲಿ ಹಿಡಿದು ಬರುತ್ತಾರೆ. ಒಬ್ಬರಿಗೆ ದಿನಕ್ಕೆ ಹದಿನೈದು. ಆದರೆ ಯಾವ ಹದಿನೈದು? ಅಗೆದಾಗ ಮೊದಲು ಸಿಕ್ಕ ಹದಿನೈದು. ಸಣ್ಣದಿರಲಿ, ಗುದ್ದಲಿ ತಾಗಿ ಒಡೆದಿರಲಿ, ಅದನ್ನೇ ಇಟ್ಟುಕೊಳ್ಳಬೇಕು. ಇಲ್ಲವಾದರೆ ಮನುಷ್ಯ ಏನು ಮಾಡುತ್ತಾನೆಂದು ಗೊತ್ತಲ್ಲ: ಐವತ್ತು ಅಗೆದು, ದೊಡ್ಡ ಹದಿನೈದು ಆರಿಸಿ, ಉಳಿದದ್ದನ್ನು ಅರೆಜೀವವಾಗಿ ಎಸೆದು ಹೋಗುತ್ತಾನೆ. ತನ್ನ ಪಾಲನ್ನು ತನ್ನದೇ ಪಾತ್ರೆಯಲ್ಲಿ ಇಟ್ಟುಕೊಳ್ಳಬೇಕೆಂಬ ನಿಯಮವೂ ಇದೆ. ಮಕ್ಕಳ ಹೆಸರಿನಲ್ಲಿ ಅಪ್ಪ ಅಗೆಯುವ ಉಪಾಯಕ್ಕೆ ಅದು ಮದ್ದು. ಮನುಷ್ಯಸ್ವಭಾವ ಬಲ್ಲವರು ಬರೆದ ಕಾನೂನು.

ನಮ್ಮಲ್ಲೂ ಚಿಪ್ಪಿನ ಹೆಸರೆತ್ತಿ ಮಾಡಿದ ಕಾನೂನು ಇಲ್ಲವೆಂದಲ್ಲ. ಕೇರಳ ಕಪ್ಪು ಕಕ್ಕಕ್ಕೆ ಕನಿಷ್ಠ ಗಾತ್ರ ಗೊತ್ತುಪಡಿಸಿದೆ. ಕೇಂದ್ರ ಸರ್ಕಾರ 2001ರಲ್ಲಿ ದೈತ್ಯ ಚಿಪ್ಪು, ಕೆಲವು ಕವಡೆ, ಶಂಖ ಸೇರಿ 24 ಬಗೆಯ ಮೃದ್ವಂಗಿಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿತು. ಗೋವಾದ ಹಳೆಯ ಪೋರ್ಚುಗೀಸ್ ಮನೆಗಳ ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದ ತೆಳು ಹೊಳಪಿನ ಚಿಪ್ಪೂ ಅದರಲ್ಲಿದೆ. ಹುಲಿಯ ಕಾಯ್ದೆಯೊಳಗೆ ಸಿಂಪಿಯೂ ಬಂದು ಕೂತಿತು. ಆದರೆ ಬಳಚು, ಮರುವಾಯಿ ಅಪರೂಪದ ಜೀವಿಗಳಲ್ಲ. ಅವಕ್ಕೆ ಬೇಕಾದದ್ದು ಹುಲಿಯ ರಕ್ಷಣೆಯಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಜೌಗುಪ್ರದೇಶಗಳನ್ನು ಕಾಯುವ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಸಂತೋಷವೇ. ಆ ಒಪ್ಪಂದ ಬಳಕೆಯನ್ನು ನಿಷೇಧಿಸುವುದಿಲ್ಲ, ವಿವೇಕದಿಂದ ಬಳಸಿ ಎನ್ನುತ್ತದೆ. ವಿವೇಕವೆಂದರೆ ಎಷ್ಟು ಮಿಲಿಮೀಟರ್, ಯಾವ ತಿಂಗಳು ಎಂಬುದನ್ನು ನಾವೇ ಬರೆದುಕೊಳ್ಳಬೇಕು.

ಇಷ್ಟು ಹೊತ್ತು ಹೇಳಿದ್ದು ಮನುಷ್ಯನಿಂದ ಚಿಪ್ಪನ್ನು ಕಾಯುವ ಕಾನೂನು. ಚಿಪ್ಪಿನಿಂದ ಮನುಷ್ಯನನ್ನು ಕಾಯುವ ಕಾನೂನು ಇನ್ನೊಂದಿದೆ. ನಮ್ಮಲ್ಲಿ ಅದರ ಬಗ್ಗೆ ಮಾತೇ ಇಲ್ಲ.

1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯಲ್ಲಿ ಮರುವಾಯಿ ತಿಂದ ಕೆಲವರಿಗೆ ವಿಷವೇರಿತು. ಒಬ್ಬ ಹುಡುಗ ಸತ್ತ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯ ಕರುಣಾಸಾಗರ, ಇಂದ್ರಾಣಿ ಕರುಣಾಸಾಗರ ಮತ್ತವರ ಸಂಗಡಿಗರು ಪರೀಕ್ಷಿಸಿ, ಇದು ಹಳಸಿದ ಆಹಾರದ ಕತೆಯಲ್ಲ, ಪಾರ್ಶ್ವವಾಯು ತರುವ ಚಿಪ್ಪಿನ ವಿಷ ಎಂದು ತೋರಿಸಿದರು; ಮರುವರ್ಷ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕುಂಬಳೆಯದಕ್ಕೂ ಎರಡು ವರ್ಷ ಮೊದಲು ತಮಿಳುನಾಡಿನ ವಯಲೂರಿನಲ್ಲಿ ಇಂಥದ್ದೇ ಘಟನೆಯಲ್ಲಿ ಮೂವರು ಸತ್ತಿದ್ದರು. 1997ರಲ್ಲಿ ತಿರುವನಂತಪುರದ ವಿಳಿಂಜಂನಲ್ಲಿ ನೀಲಿಕಲ್ಲು ತಿಂದು ಏಳು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು.

ಚಿಪ್ಪಿನ ತಪ್ಪೇನೂ ಇಲ್ಲ. ಅದು ದಿನವಿಡೀ ನೀರು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ತಿಂದು ಬದುಕುವ ಜೀವಿ. ಕೆಲವು ಕಾಲದಲ್ಲಿ ಕೆಲವು ಜಾತಿಯ ಪಾಚಿ ಸ್ಫೋಟಿಸಿದಂತೆ ಹೆಚ್ಚುತ್ತದೆ. ಅವುಗಳಲ್ಲಿ ಬೆರಳೆಣಿಕೆಯವು ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ. ಚಿಪ್ಪಿಗೆ ಅದರಿಂದ ತೊಂದರೆ ಕಡಿಮೆ. ತಿಂದವರಿಗೆ ಮೊದಲು ತುಟಿ, ನಾಲಗೆ ಜುಮುಜುಮು ಎನ್ನುತ್ತದೆ, ಆಮೇಲೆ ಕೈಕಾಲು ಮರಗಟ್ಟುತ್ತದೆ, ಪ್ರಮಾಣ ಹೆಚ್ಚಿದ್ದರೆ ಉಸಿರಾಡುವ ಸ್ನಾಯುಗಳೇ ನಿಲ್ಲುತ್ತವೆ. ಪ್ರತ್ಯೌಷಧವಿಲ್ಲ, ಕೃತಕ ಉಸಿರಾಟದಲ್ಲಿ ಒಂದು ದಿನ ದಾಟಿಸಿದರೆ ಸಾಮಾನ್ಯವಾಗಿ ಬದುಕುತ್ತಾರೆ. ಮರುವಾಯಿಯನ್ನು ರಾತ್ರಿಯಿಡೀ ನೀರಲ್ಲಿಟ್ಟು ಮರಳು ಬಿಡಿಸಿ, ಚೆನ್ನಾಗಿ ಬೇಯಿಸಿ ಸುಕ್ಕ ಮಾಡಿದರೂ ಈ ವಿಷ ಹೋಗುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ಕೆಡುವುದಿಲ್ಲ. ಅಜ್ಜಿಯ ಅನುಭವ ಸೋಲುವ ಜಾಗ ಇದು. 2020ರ ನವೆಂಬರ್‌ನಲ್ಲಿ ನಮ್ಮ ಕಡಲತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಮಿನುಗಿದಾಗ ಜನ ಮೊಬೈಲ್ ಹಿಡಿದು ಓಡಿದರಲ್ಲ, ಆ ಪಾಚಿ ಈ ವಿಷದ್ದಲ್ಲ. ವಿಷದ ಪಾಚಿ ಹಾಗೆ ದೀಪ ಹಚ್ಚಿಕೊಂಡೇ ಬರಬೇಕೆಂದಿಲ್ಲ.

ಕಣ್ಣಿಗೆ ಕಾಣದ್ದನ್ನು ಕಾಯಲು ಪ್ರಯೋಗಾಲಯ ಬೇಕು, ಪ್ರಯೋಗಾಲಯ ಹೇಳಿದ್ದನ್ನು ನಡೆಸಲು ಕಾನೂನು ಬೇಕು. ಕ್ಯಾಲಿಫೋರ್ನಿಯಾದವರು ಇದನ್ನು ಕಲಿತದ್ದು 1927ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೂರಕ್ಕೂ ಹೆಚ್ಚು ಜನ ನೀಲಿಕಲ್ಲು ತಿಂದು ಅಸ್ವಸ್ಥರಾದರು, ಆರು ಜನ ಸತ್ತರು. ಕಾರ್ಲ್ ಮೇಯರ್, ಹರ್ಮನ್ ಸಾಮರ್ ಎಂಬ ವಿಜ್ಞಾನಿಗಳು ಬೆನ್ನು ಹತ್ತಿ, ಚಿಪ್ಪಿನ ವಿಷಕ್ಕೂ ಕಡಲಿನ ಪಾಚಿಗೂ ಇರುವ ನಂಟನ್ನು ಪತ್ತೆಮಾಡಿದರು. ಇಂದಿಗೂ ಆ ರಾಜ್ಯದಲ್ಲಿ ಮೇ 1ರಿಂದ ಅಕ್ಟೋಬರ್ 31ರವರೆಗೆ ಸ್ವಂತಕ್ಕೆ ನೀಲಿಕಲ್ಲು ಹೆಕ್ಕುವುದಕ್ಕೆ ವಾರ್ಷಿಕ ನಿಷೇಧವಿದೆ. ನೂರು ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ವಿಷ ಎಂಬುದು ಜಗತ್ತು ಒಪ್ಪಿಕೊಂಡ ಗೆರೆ. ದಾಟಿದರೆ ಆ ನೀರಿಗೆ ಬೀಗ, ಪಾಚಿ ಹೋಗಿ ಚಿಪ್ಪು ತಾನಾಗಿ ಶುದ್ಧವಾದ ಮೇಲೆ ಮತ್ತೆ ತೆರೆಯುತ್ತಾರೆ. ವಾಷಿಂಗ್ಟನ್‌ನ ಆ ಕ್ಷೌರಕತ್ತಿ ಚಿಪ್ಪಿನಲ್ಲಿ 1991ರಲ್ಲಿ ಇನ್ನೊಂದು ಬಗೆಯ ವಿಷ ಪತ್ತೆಯಾದ ಮೇಲೆ, ಪರೀಕ್ಷೆಯಲ್ಲಿ ಪಾಸಾಗದೆ ಅಲ್ಲಿನ ತೀರ ಅಗೆತಕ್ಕೆ ತೆರೆಯುವುದೇ ಇಲ್ಲ.

ಕೊಳಚೆಯದ್ದು ಇನ್ನೊಂದು ಅಧ್ಯಾಯ. 1902ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನ ಔತಣಕೂಟದಲ್ಲಿ ಎಮ್ಸ್‌ವರ್ತ್ ಊರಿನ ಸಿಂಪಿ ತಿಂದವರಿಗೆ ಟೈಫಾಯ್ಡ್ ಬಂದು, ಅಲ್ಲಿನ ಚರ್ಚಿನ ಡೀನ್ ಕೂಡ ಸತ್ತ. ಸಿಂಪಿ ಬೆಳೆಯುವ ಜಾಗಕ್ಕೇ ಊರಿನ ಚರಂಡಿ ಬಿಟ್ಟಿದ್ದರು. 1924–25ರ ಚಳಿಗಾಲದಲ್ಲಿ ಅಮೆರಿಕದ ಹಲವು ನಗರಗಳಲ್ಲಿ ಅದೇ ರೋಗ ಸಿಂಪಿಯಿಂದ ಹರಡಿ ಸುಮಾರು 150 ಜನ ತೀರಿಕೊಂಡರು. ಆ ಬಳಿಕ ಹಿಡಿದ ಚಿಪ್ಪಿನ ಜೊತೆ, ಹಿಡಿದ ನೀರನ್ನೂ ಪರೀಕ್ಷಿಸಬೇಕೆಂಬ ಪದ್ಧತಿ ಬೇರೂರಿತು. ಯುರೋಪಿನಲ್ಲಿ ಈಗ ನೀರಿಗೇ ಎ, ಬಿ, ಸಿ ಎಂದು ದರ್ಜೆ. ಎ ದರ್ಜೆಯ ನೀರಿನದನ್ನು ನೇರ ಮಾರಬಹುದು, ಬಿ ದರ್ಜೆಯದನ್ನು ಶುದ್ಧ ನೀರಿನ ತೊಟ್ಟಿಯಲ್ಲಿಟ್ಟು ತೊಳೆಸಿಯೋ ಬೇಯಿಸಿಯೋ ಮಾರಬೇಕು.

ಭಾರತದಲ್ಲಿ ಈ ನಿಯಮಗಳು ಜೀವಂತವಾಗಿರುವುದು ರಫ್ತಿನ ಬಾಗಿಲಲ್ಲಿ. ಯುರೋಪಿನ ತಟ್ಟೆಗೆ ಹೋಗಬೇಕಾದ ಚಿಪ್ಪಿನ ಹಿಂದೆ ನೀರಿನ ದರ್ಜೆ, ವಿಷದ ಪರೀಕ್ಷೆ, ದಾಖಲೆಯ ಕಡತ ಎಲ್ಲವೂ ಇರಲೇಬೇಕು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಾವಳಿಯಲ್ಲೂ ಅದೇ 80 ಮೈಕ್ರೋಗ್ರಾಂ ಅಂಕಿ ಅಚ್ಚಾಗಿದೆ. ಅಚ್ಚಾಗಿರುವುದು ಬೇರೆ, ಕುಮಟಾ ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಬಳಚಿಗೂ ಆ ಅಂಕಿಗೂ ಸಂಬಂಧ ಬರುವುದು ಬೇರೆ. ಗಡಿ ದಾಟುವ ಚಿಪ್ಪಿಗೆ ಕಾವಲು, ಊರಲ್ಲೇ ಬೇಯುವ ಚಿಪ್ಪಿಗೆ ದೇವರು. ಇದು ಮಾರುವವಳ ತಪ್ಪಲ್ಲ. ಆಕೆಯ ಬುಟ್ಟಿ ತಪಾಸಣೆ ಮಾಡಿ ದಂಡ ಹಾಕುವ ಕಾನೂನು ಬಂದರೆ ಅದು ಇನ್ನೂ ದೊಡ್ಡ ಅನ್ಯಾಯ. ಪರೀಕ್ಷೆ ಆಗಬೇಕಾದದ್ದು ಅಳಿವೆಯಲ್ಲಿ, ಬುಟ್ಟಿಗೆ ಬೀಳುವ ಮೊದಲು.

ನಿರ್ಬಂಧ ಎಂದ ಕೂಡಲೇ ಹೆಕ್ಕುವವರ ಕೈ ಕಟ್ಟುವುದೇ ಎಲ್ಲರಿಗೂ ಹೊಳೆಯುತ್ತದೆ. ಪಕ್ಕದ ಶರಾವತಿಯ ಅಳಿವೆಯಲ್ಲಿ ಅಘನಾಶಿನಿಯಷ್ಟು ಚಿಪ್ಪು ಏಕಿಲ್ಲವೆಂದು ಕೇಳಿದರೆ ಉತ್ತರ ಕೈಗಳಲ್ಲಿ ಸಿಗುವುದಿಲ್ಲ. ಲಿಂಗನಮಕ್ಕಿ, ಗೇರುಸೊಪ್ಪೆಗಳಲ್ಲಿ ವಿದ್ಯುತ್ ತೆಗೆದ ಸಿಹಿನೀರು ಬೇಸಿಗೆಯಲ್ಲೂ ಬಿಡದೆ ಕೆಳಗಿಳಿಯುವುದರಿಂದ ಅಳಿವೆಗೆ ಬೇಕಾದ ಉಪ್ಪು ಏರುವುದಿಲ್ಲ. ಉಪ್ಪು ಬೇಡುವ ಚಿಪ್ಪುಗಳು ಅಲ್ಲಿ ಬಹುಮಟ್ಟಿಗೆ ಮಾಯವಾದವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ಹೇಳುತ್ತವೆ. ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. ತದಡಿಗೆ ಬರಬೇಕಿದ್ದ 4,000 ಮೆಗಾವಾಟ್ ಉಷ್ಣಸ್ಥಾವರ ಜನರ ವಿರೋಧದಿಂದ ಬರಲಿಲ್ಲ. ಯಾವ ಮೀನುಗಾರಿಕೆ ಕಾಯ್ದೆಯೂ ಮಾಡದ ರಕ್ಷಣೆಯನ್ನು ಬಳಚಿಗೆ ಮಾಡಿದ್ದು ಈ ಎರಡು ಗೈರುಹಾಜರಿಗಳು. ಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆ ಚರ್ಚೆಗೆ ಬಂದಾಗಲೂ ಕ್ಯುಸೆಕ್ಸ್, ಟಿಎಂಸಿ ಲೆಕ್ಕದ ನಡುವೆ ಅಳಿವೆಯ ಉಪ್ಪಿನ ಲೆಕ್ಕ ಯಾರೂ ಎತ್ತುವುದಿಲ್ಲ.

ಹಾಗಾದರೆ ನಾಳೆ ಕುಂಬಳೆಯಂಥದ್ದೇ ಒಂದು ಪ್ರಕರಣ ನಡೆಯಿತೆನ್ನಿ. ಮಂಗಳೂರಿನ ಅದೇ ಮೀನುಗಾರಿಕಾ ಕಾಲೇಜಿನಲ್ಲಿ ವಿಷ ಪತ್ತೆಯೂ ಆಯಿತೆನ್ನಿ. ಅಲ್ಲಿನ ವಿಜ್ಞಾನಿಗಳಿಗೆ ಈ ವಿದ್ಯೆ ನಾಲ್ಕು ದಶಕ ಹಳೆಯದು. ಆಮೇಲೆ ಅಳಿವೆಯನ್ನು ಮುಚ್ಚುವವರು ಯಾರು? ಆಹಾರ ಸುರಕ್ಷತಾ ಅಧಿಕಾರಿ ಮಾರುಕಟ್ಟೆಯ ಸರಕಿನ ಮಾದರಿ ಎತ್ತಬಹುದು. ಮೀನುಗಾರಿಕೆ ಇಲಾಖೆ ದೋಣಿ ಹಿಡಿಯಬಹುದು, ಆದರೆ ದಡದ ಬದಿಗೆ ಇಳಿದವರಿಗೆ ದೋಣಿಯೇ ಇಲ್ಲ. ಉಳಿಯುವುದು ಜಿಲ್ಲಾಧಿಕಾರಿ. ಗಲಭೆಯಾದಾಗ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಾರದೆಂದು ಆಜ್ಞೆ ಹೊರಡಿಸುವ ಅದೇ ನಿಷೇಧಾಜ್ಞೆಯ ಕಲಮಿನಡಿ, ಜೀವಕ್ಕೆ ಅಪಾಯವೆಂದು ಬರೆದು, ಅವರು ಬಳಚು ಹೆಕ್ಕುವುದನ್ನೂ ನಿಲ್ಲಿಸಬಹುದು. ಅದನ್ನು ಡಂಗುರ ಹೊಡೆಸಬೇಕಾದವರು ಗ್ರಾಮ ಪಂಚಾಯಿತಿಯವರು, ನಿಲ್ಲಿಸಿದ ದಿನಗಳ ಕೂಲಿಗೆ ಏನು ಮಾಡುವುದೆಂದು ಕೇಳುವವರು ಹೆಕ್ಕುವವರು. ಬೋಟಿನವರಿಗಾದರೆ ರಜೆಯ ತಿಂಗಳುಗಳಿಗೆಂದು ಉಳಿತಾಯ-ಪರಿಹಾರ ಯೋಜನೆಯಿದೆ. ಮೊಣಕಾಲುದ್ದ ನೀರಿನಲ್ಲಿ ನಿಂತವಳ ಹೆಸರು ಆ ಪಟ್ಟಿಗೆ ಸೇರಬೇಕಾದರೆ ಮೊದಲು ಆಕೆ ಮೀನುಗಾರಳೆಂದು ಯಾವುದಾದರೂ ಕಡತ ಒಪ್ಪಿಕೊಳ್ಳಬೇಕು.